ಗಡಿಯಲ್ಲಿ ಕಂಡ ಬೆಳ್ಳಿ ಚುಕ್ಕಿ

ಮನೆಗಳಲ್ಲಿ ಗಡಿಯಾರ ಇಲ್ಲದ ಕಾಲದಲ್ಲಿ ನಮ್ಮ ರೈತರಿಗೆ ಬೆಳ್ಳಿಯೇ ಗಡಿಯಾರ. ಬೆಳ್ಳಿ ಮೂಡಿತೆಂದರೆ ಎದ್ದು ಎತ್ತುಗಳಿಗೆ ಮೇವು ಹಾಕುವ ಹೊತ್ತು. ಇದೇ ಬೆಳ್ಳಿ, ಅಂದರೆ ಶುಕ್ರಗ್ರಹ, ನಮ್ಮ ದೇಶದ ಗಡಿಯಲ್ಲಿ ಒಮ್ಮೆ ಶತ್ರುವಿನ ಹಾರುಯಂತ್ರವೆಂಬ ಶಂಕೆಗೆ ಗುರಿಯಾಗಿತ್ತು.

ಆಕಾಶದ ಬೆಳಕನ್ನು ಕಂಡು ಜನ ಬೆಚ್ಚುವುದು ಹೊಸದಲ್ಲ. 1947ರ ಜೂನ್ 24ರಂದು ಅಮೆರಿಕದ ಕೆನೆತ್ ಆರ್ನಾಲ್ಡ್ ಎಂಬ ವಿಮಾನ ಚಾಲಕ ಹೊಳೆಯುವ ಒಂಬತ್ತು ವಸ್ತುಗಳನ್ನು ಕಂಡೆನೆಂದ. ಪತ್ರಿಕೆಗಳು ಅವಕ್ಕೆ 'ಹಾರುವ ತಟ್ಟೆ' ಎಂದು ಹೆಸರಿಟ್ಟವು. ಅಲ್ಲಿನ ವಾಯುಪಡೆ 1969ರವರೆಗೆ 12,618 ವರದಿಗಳನ್ನು ಕಲೆಹಾಕಿತು. ಗುರುತು ಸಿಗದೆ ಉಳಿದವು 701. ಮಿಕ್ಕವುಗಳಲ್ಲಿ ಹೆಚ್ಚಿನವು ಗ್ರಹ, ನಕ್ಷತ್ರ, ವಿಮಾನ, ಬಲೂನುಗಳಂಥ ಸಾಮಾನ್ಯ ಸಂಗತಿಗಳೇ.

ಈಗ ಲಡಾಖಿಗೆ ಬರೋಣ. 4,200 ಮೀಟರಿಗೂ ಎತ್ತರದಲ್ಲಿರುವ ಪ್ಯಾಂಗಾಂಗ್ ಸರೋವರದ ಬಳಿ, 2012ರ ಆಗಸ್ಟಿನಿಂದ 2013ರ ಫೆಬ್ರವರಿವರೆಗೆ, ನಮ್ಮ ಕಾವಲು ಯೋಧರು ಹೊಳೆಯುವ ವಸ್ತುಗಳನ್ನು 329 ಸಲ ಕಂಡು ದಾಖಲಿಸಿದರು. 155 ಸಲ ಅವು ವಾಸ್ತವ ನಿಯಂತ್ರಣ ರೇಖೆಯನ್ನು ದಾಟಿ ಬಂದಂತೆ ತೋರಿತ್ತು. ಚೀನಾದ ಡ್ರೋನ್‌ಗಳಿರಬಹುದೆಂಬ ಅನುಮಾನ ಎದ್ದಿತು. ಆಗ ಗಡಿಯ ಸ್ಥಿತಿ ಎಷ್ಟು ಸೂಕ್ಷ್ಮವಾಗಿತ್ತೆಂದರೆ, 2013ರ ಏಪ್ರಿಲ್‌ನಲ್ಲಿ ದೆಪ್ಸಾಂಗ್ ಬಯಲಿನಲ್ಲಿ ಎರಡೂ ಸೇನೆಗಳು ಸುಮಾರು ಮೂರು ವಾರ ಎದುರುಬದುರು ಡೇರೆ ಹಾಕಿ ನಿಂತವು. ಅಂಥಲ್ಲಿ ಒಂದು ತಪ್ಪು ಗುಂಡು ಹಾರಿದ್ದರೂ ಅನಾಹುತವಾಗುತ್ತಿತ್ತು.

ಸೇನೆ ದುಡುಕಲಿಲ್ಲ. ಬೆಂಗಳೂರು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳನ್ನು ಕೇಳಿತು. ಲಡಾಖಿನ ಹಾನ್ಲೆಯಲ್ಲಿರುವ ದೂರದರ್ಶಕವನ್ನು ನಮ್ಮ ಹೊಸಕೋಟೆಯಿಂದಲೇ ನಡೆಸುವ ಸಂಸ್ಥೆ ಇದು. ಆ ವಸ್ತುಗಳು ನಕ್ಷತ್ರಗಳಿಗೆ ಹೋಲಿಸಿದರೆ ಹೇಗೆ ಚಲಿಸುತ್ತವೆಂದು ಗುರುತಿಸಿದಾಗ ಉತ್ತರ ಸಿಕ್ಕಿತು: ಒಂದು ಗುರು, ಇನ್ನೊಂದು ಶುಕ್ರ. ಆ ಚಳಿಗಾಲದಲ್ಲಿ ಗುರು ರೋಹಿಣಿ ನಕ್ಷತ್ರದ ಸಮೀಪದಲ್ಲಿದ್ದು ರಾತ್ರಿಯ ಬಹುಪಾಲು ಕಾಣುತ್ತಿತ್ತು. ಶುಕ್ರ ಬೆಳಗಿನ ಜಾವ ಮೂಡುತ್ತಿತ್ತು. ಎತ್ತರದ ತೆಳುವಾದ, ಶುಭ್ರ ಗಾಳಿಯಲ್ಲಿ ಅವು ಇನ್ನೂ ಪ್ರಖರ. ಭೂಮಿ ತಿರುಗುವುದರಿಂದ ಗಂಟೆಗೆ ಸುಮಾರು 15 ಡಿಗ್ರಿ ಸರಿಯುವ ಗ್ರಹ, ಬೆಟ್ಟದ ಸಾಲಿನ ಮೇಲೆ ಕಂಡಾಗ ಗಡಿ ದಾಟಿ ಬಂದಂತೆಯೇ ಅನ್ನಿಸುತ್ತದೆ.

ಇದನ್ನು ಓದಿ ಯೋಧರನ್ನು ನಕ್ಕವರಿದ್ದಾರೆ. ನನಗೆ ಅವರ ಮೇಲೆ ಗೌರವವೇ ಹೆಚ್ಚಾಯಿತು. ಸಾಫ್ಟ್‌ವೇರ್ ಕೆಲಸದಲ್ಲಿ ನಡುರಾತ್ರಿ ಏನಾದರೂ ಕೆಟ್ಟರೆ ನಾವು ಮೊದಲು ತೆರೆಯುವುದು ಲಾಗ್ ಅನ್ನು, ಅಂದರೆ ಯಾವ ಹೊತ್ತಿಗೆ ಏನಾಯಿತೆಂಬ ದಾಖಲೆಯನ್ನು. ಕೊರೆಯುವ ಚಳಿಯಲ್ಲಿ ನಿಂತು ಆ ಯೋಧರು ಬರೆದಿಟ್ಟದ್ದು ಅದನ್ನೇ. ಬರೀ ಬಾಯಿಮಾತಾಗಿದ್ದರೆ ವಿಜ್ಞಾನಿಗಳಿಗೂ ಪತ್ತೆ ಹಚ್ಚುವುದು ಕಷ್ಟವಾಗುತ್ತಿತ್ತು.

ನಮ್ಮ ಶಾಲೆಯ ಮಕ್ಕಳಲ್ಲಿ ನನ್ನದೊಂದು ಕೋರಿಕೆ. ರಾತ್ರಿ ಅಪರೂಪದ ಬೆಳಕು ಕಂಡರೆ ಮೊಬೈಲಿನಲ್ಲಿ ಸುದ್ದಿ ಹರಡುವ ಮುನ್ನ ದಿನಾಂಕ, ಹೊತ್ತು, ದಿಕ್ಕು, ಪಕ್ಕದ ನಕ್ಷತ್ರ ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮರುದಿನ ಅದನ್ನು ವಿಜ್ಞಾನದ ಮೇಷ್ಟ್ರಿಗೆ ತೋರಿಸಿ.