ಜೋಗೇಶ್ವರಿಯ ಒಂದು ರಾತ್ರಿ, ಬೆಳಗೊಳದ ಒಂದು ಶಾಸನ

ನಾನು ಮುಂಬಯಿಗೆ ಬಂದದ್ದು 1978ರಲ್ಲಿ. ಜೋಗೇಶ್ವರಿ ಪೂರ್ವದ ಒಂದು ಚಾಲಿನಲ್ಲಿ ಬಾಡಿಗೆ ಖೋಲಿ ಸಿಕ್ಕಿತು. ಊರಿನಿಂದ ಯಾರೇ ಬಂದರೂ ಮೊದಲು ಕರೆದುಕೊಂಡು ಹೋಗುತ್ತಿದ್ದದ್ದು ಇಲ್ಲಿನ ಗುಹೆಗೆ. "ಎಲಿಫೆಂಟಾಕ್ಕಾದರೆ ದೋಣಿ ಹತ್ತಬೇಕು, ಇದಕ್ಕೆ ನಡೆದೇ ಹೋಗಬಹುದು ಮಾರಾಯ್ರೆ" ಎನ್ನುತ್ತಿದ್ದೆ. 6ನೇ ಶತಮಾನದ ಶೈವ ಗುಹಾಲಯ ಅದು. ಉಪನಗರಕ್ಕೆ ಹೆಸರು ಕೊಟ್ಟ ಜೋಗೇಶ್ವರಿ ದೇವಿ ಇರುವುದೂ ಅಲ್ಲೇ.

ಹೈವೇ ಬದಿಯ ಗುಡ್ಡದ ಮೇಲೆ ಇಸ್ಮಾಯಿಲ್ ಯೂಸುಫ್ ಕಾಲೇಜಿದೆ. ಹಡಗು ಉದ್ಯಮಿ ಸರ್ ಮಹಮ್ಮದ್ ಯೂಸುಫರ ದಾನದಿಂದ 1930ರಲ್ಲಿ ಶುರುವಾದದ್ದು. ಮರಾಠಿಯ ಪ್ರೀತಿಯ ಲೇಖಕ ಪು.ಲ. ದೇಶಪಾಂಡೆ ಓದಿದ್ದು ಇಲ್ಲಿ. ಒಂದೇ ಊರಿನಲ್ಲಿ ಶಿವನ ಗುಹೆ, ಮುಸಲ್ಮಾನರ ದಾನದ ಕಾಲೇಜು, ಅಲ್ಲಿ ಓದಿ ಹೋದ ಮರಾಠಿ ಬ್ರಾಹ್ಮಣ ಹುಡುಗ! ಜೋಗೇಶ್ವರಿ ಎಂದರೆ ನನಗೆ ಇದೇ ಆಗಿತ್ತು. ಆದರೆ ದೇಶಕ್ಕೆ ಜೋಗೇಶ್ವರಿಯ ಹೆಸರು ತಿಳಿದದ್ದು ಬೇರೆ ಕಾರಣಕ್ಕೆ.

1992ರ ಡಿಸೆಂಬರ್ 6ರಂದು ಅಯೋಧ್ಯೆಯಲ್ಲಿ ಬಾಬರಿ ಮಸೀದಿ ಉರುಳಿತು. ಅಂದೇ ಮುಂಬಯಿಯಲ್ಲಿ ಗಲಭೆ ಶುರು. ಕೆಲವು ದಿನ ಉರಿದು ತಣ್ಣಗಾಯಿತು ಎಂದುಕೊಳ್ಳುವಷ್ಟರಲ್ಲಿ ಜನವರಿಯಲ್ಲಿ ಮತ್ತೆ ಹೊತ್ತಿಕೊಂಡಿತು. 1993ರ ಜನವರಿ 8, ರಾತ್ರಿ ಹನ್ನೆರಡು ದಾಟಿತ್ತು. ಪತ್ರಿಕೆಗಳಲ್ಲಿ 'ರಾಧಾಬಾಯಿ ಚಾಲ್' ಎಂದೇ ಹೆಸರಾದ ನಮ್ಮ ಜೋಗೇಶ್ವರಿಯ ಒಂದು ಚಾಲಿನಲ್ಲಿ ಹಿಂದೂಗಳ ಮನೆಗಳಿಗೆ ಹೊರಗಿನಿಂದ ಚಿಲಕ ಹಾಕಿ ಬೆಂಕಿ ಇಟ್ಟರು. ಆರು ಜನ ಸುಟ್ಟು ಸತ್ತರು. ಅವರಲ್ಲಿ ಅಂಗವಿಕಲ ಹುಡುಗಿಯೊಬ್ಬಳೂ ಇದ್ದಳು. ಆ ಸುದ್ದಿ ಹಬ್ಬಿದ ಮೇಲೆ ಇಡೀ ನಗರದಲ್ಲಿ ಮುಸಲ್ಮಾನರ ಮೇಲೆ ನಡೆದದ್ದು ಸೇಡಿನ ಬೇಟೆ. ಅವರ ಅಂಗಡಿ, ಬೇಕರಿ, ಮನೆ, ಟ್ಯಾಕ್ಸಿ ಯಾವುದನ್ನೂ ಬಿಡಲಿಲ್ಲ.

ಆಗ ನಮ್ಮ ಚಾಲಿನ ಗಂಡಸರೆಲ್ಲ ಸೇರಿ ರಾತ್ರಿ ಪಹರೆ ಮಾಡಿದೆವು. ಕೈಯಲ್ಲಿ ದೊಣ್ಣೆ, ಟಾರ್ಚು. ನಾನೂ ಇದ್ದೆ. ಗಲ್ಲಿಯ ಕೊನೆಯಲ್ಲಿ ಒಬ್ಬ ದರ್ಜಿ ಚಾಚಾ ಇದ್ದರು. ನನ್ನ ಮಗನ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದವರು, ಗಣಪತಿಗೆ ವರ್ಷವೂ ತಪ್ಪದೆ ವರ್ಗಣಿ ಕೊಡುತ್ತಿದ್ದವರು. ನಮ್ಮ ಪಹರೆ ಅವರ ಬಾಗಿಲಿಗಿಂತ ನಾಲ್ಕು ಹೆಜ್ಜೆ ಮೊದಲೇ ಮುಗಿಯುತ್ತಿತ್ತು. ಅವರ ಬಾಗಿಲ ಮುಂದೆಯೂ ಒಬ್ಬರು ನಿಲ್ಲೋಣ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅವರಿಗೆ ಏನೂ ಆಗಲಿಲ್ಲ, ದೇವರ ದಯೆ. ಆದರೆ ಮಾರ್ಚ್ ತಿಂಗಳಲ್ಲಿ ಅವರು ಹೊಲಿಗೆ ಯಂತ್ರವನ್ನು ಟೆಂಪೋಗೆ ಹಾಕಿಕೊಂಡು ಮುಂಬ್ರಾಕ್ಕೆ ಹೊರಟುಹೋದರು. ಹೋಗುವಾಗ ಮಗನ ಅಳತೆಯ ಚೀಟಿ ನನ್ನ ಕೈಗೆ ಕೊಟ್ಟು, "ಬೇರೆ ದರ್ಜಿಗೆ ತೋರಿಸಿ, ಕೆಲಸಕ್ಕೆ ಬರುತ್ತದೆ" ಎಂದರು. ಅಷ್ಟೇ.

ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಆಯೋಗ ಈ ಎರಡು ತಿಂಗಳ ಲೆಕ್ಕ ಬರೆದಿಟ್ಟಿದೆ. ಸತ್ತವರು 900 ಜನ: ಮುಸಲ್ಮಾನರು 575, ಹಿಂದೂಗಳು 275, ಇತರರು 5, ಗುರುತೇ ಸಿಗದವರು 45. ಪೊಲೀಸರ ಗುಂಡಿಗೆ 356 ಜನ, ಚೂರಿಗೆ 347 ಜನ, ಬೆಂಕಿಗೆ 91 ಜನ ಬಲಿ. ಇದಾದ ಮೇಲೆ ಮಾರ್ಚ್ 12ರ ಸರಣಿ ಬಾಂಬ್ ಸ್ಫೋಟ. ಸ್ಟಾಕ್ ಎಕ್ಸ್‌ಚೇಂಜ್, ಏರ್ ಇಂಡಿಯಾ ಕಟ್ಟಡ, ಸೆಂಚುರಿ ಬಜಾರ್... ಇನ್ನೂ 257 ಹೆಣ. ಸೇಡಿಗೆ ಸೇಡು, ಅದಕ್ಕೆ ಇನ್ನೊಂದು ಸೇಡು. ಗುರುತೇ ಸಿಗದ ಆ 45 ಜನರ ಧರ್ಮ ಯಾವುದಿತ್ತೋ, ಸಾವಂತೂ ಕೇಳಲಿಲ್ಲ.

ಇಲ್ಲಿ ನಾವು ಮಾಡುವ ತಪ್ಪೆಂದರೆ, ಅವರವರ ಸತ್ತವರನ್ನಷ್ಟೇ ಅವರವರು ಎಣಿಸುವುದು. ಒಬ್ಬರು ರಾಧಾಬಾಯಿ ಚಾಲ್ ಎನ್ನುತ್ತಾರೆ, ಇನ್ನೊಬ್ಬರು ವಡಾಲದ ಹರಿ ಮಸೀದಿಯ ಗೋಲಿಬಾರ್ ಎನ್ನುತ್ತಾರೆ. ನ್ಯಾಯ ಯಾರಿಗೆ ಸಿಕ್ಕಿತು ಹೇಳಿ? ರಾಧಾಬಾಯಿ ಚಾಲ್ ಮೊಕದ್ದಮೆಯಲ್ಲಿ ಟಾಡಾ ಕೋರ್ಟು 11 ಜನರಿಗೆ ಶಿಕ್ಷೆ ವಿಧಿಸಿತು, ಸುಪ್ರೀಂ ಕೋರ್ಟಿನಲ್ಲಿ ಅವರೆಲ್ಲ ಬಿಡುಗಡೆಯಾದರು. ಜನವರಿಯ ದಾಳಿಗಳ ಮುಂಚೂಣಿಯಲ್ಲಿ ಶಿವಸೇನೆ ಇತ್ತೆಂದೂ 31 ಪೊಲೀಸರು ತಪ್ಪಿತಸ್ಥರೆಂದೂ ಆಯೋಗ ಹೇಳಿತು. 1998ರಲ್ಲಿ ಆ ವರದಿಯನ್ನು ಆಗಿನ ಸರ್ಕಾರ ಒಪ್ಪಲಿಲ್ಲ. 2022ರ ನವೆಂಬರಿನಲ್ಲಿ, ಅಂದರೆ ಮೂವತ್ತು ವರ್ಷದ ಹತ್ತಿರಕ್ಕೆ, ಕಾಣೆಯಾದ 108 ಜನರ ಮನೆಯವರನ್ನು ಹುಡುಕಿ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಬೇಕಾಯಿತು. ಹಿಂದೂವೋ ಮುಸಲ್ಮಾನನೋ, ನ್ಯಾಯ ಸಿಗದವನ ಮನಸ್ಸಿನಲ್ಲಿ 'ಇದು ನನ್ನ ದೇಶ' ಎಂಬ ಭಾವ ಎಷ್ಟು ಗಟ್ಟಿಯಾಗಿ ಉಳಿದೀತು?

ಪ್ರಗತಿಯ ಮಾತು. ನಾವೆಲ್ಲ ಈ ನಗರಕ್ಕೆ ಬಂದದ್ದು ಯಾಕೆ? ಇಲ್ಲಿ ಜಾತಿ-ಮತ ಕೇಳದೆ ಕೆಲಸ ಕೊಡುತ್ತಾರೆ ಎಂದು. ನಮ್ಮ ಉಡುಪಿ ಹೋಟೆಲಿಗೆ ಬ್ರೆಡ್ಡು-ಪಾವ್ ಬರುತ್ತಿದ್ದದ್ದು ಮುಸಲ್ಮಾನರ ಬೇಕರಿಯಿಂದ. ಬೇಕರಿ ಸುಟ್ಟರೆ ಹೋಟೆಲೂ ಬಂದ್, ಹೋಟೆಲಿನ ಹುಡುಗನ ಮನಿಯಾರ್ಡರೂ ಬಂದ್. ಕೆಲಸ ಕೆಲವು ವಾರಗಳಲ್ಲಿ ಮತ್ತೆ ಶುರುವಾಯಿತು, ನಿಜ. ಆದರೆ ಬೆರೆತು ಬಾಳುತ್ತಿದ್ದ ಬಸ್ತಿಗಳು ಒಡೆದು ಹೋಳಾದವು. ಹಿಂದೂಗಳು ಈಚೆ, ಮುಸಲ್ಮಾನರು ಆಚೆ. ನಡುವಿನ ರಸ್ತೆಗೆ ಜನ 'ಬಾರ್ಡರ್' ಎಂದರು! ಈಗ ಹೈವೇ ಮೇಲೆ ಮೆಟ್ರೋ ಓಡುತ್ತದೆ, ಚಾಲುಗಳ ಜಾಗದಲ್ಲಿ ಗೋಪುರಗಳೆದ್ದಿವೆ. ಮನೆ ಬಾಡಿಗೆಗೆ ಕೇಳುವಾಗ ಹೆಸರು ಕೇಳುವ ಚಾಳಿ ಮಾತ್ರ ಹೋಗಿಲ್ಲ.

ಹಾಗಾದರೆ ದಾರಿ ಇರಲಿಲ್ಲವೇ? ಇತ್ತು. ಪಕ್ಕದ ಠಾಣೆ ಜಿಲ್ಲೆಯ ಭಿವಂಡಿಯನ್ನೇ ನೋಡಿ. 1970ರಲ್ಲಿ, 1984ರಲ್ಲಿ ಘೋರ ಗಲಭೆ ಕಂಡ ಮಗ್ಗಗಳ ಊರು ಅದು. ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಅಲ್ಲಿ ಮೊಹಲ್ಲಾ ಕಮಿಟಿಗಳನ್ನು ಕಟ್ಟಿದರು. ಓಣಿ ಓಣಿಯಲ್ಲಿ ಎರಡೂ ಕಡೆಯವರನ್ನು ಒಟ್ಟಿಗೆ ಕೂರಿಸಿದರು. 1992-93ರಲ್ಲಿ ಮುಂಬಯಿ ಉರಿಯುವಾಗ ಭಿವಂಡಿ ಶಾಂತವಾಗಿತ್ತು.

ಇದೇನು ಹೊಸ ಉಪಾಯವಲ್ಲ. ನಮ್ಮ ಕನ್ನಡ ನಾಡಿನಲ್ಲೇ ಇದಕ್ಕೆ ಶಾಸನವಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂತು. ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ವಿಜಯನಗರದ ಬುಕ್ಕರಾಯನ ಬಳಿ ದೂರಿಕೊಂಡರು. ರಾಯ ಎರಡೂ ಕಡೆಯವರನ್ನು ಕರೆಸಿದ. ಜೈನರ ಕೈ ಹಿಡಿದು ವೈಷ್ಣವರ ಕೈಗೆ ಕೊಟ್ಟ. ಜೈನರಿಗೆ ಮೊದಲಿನಂತೆಯೇ ಪಂಚಮಹಾವಾದ್ಯ, ಕಲಶಗಳ ಗೌರವ ಸಲ್ಲಬೇಕು, ಅವರ ಹಾನಿ-ವೃದ್ಧಿಯನ್ನು ವೈಷ್ಣವರು ತಮ್ಮದೆಂದೇ ತಿಳಿಯಬೇಕು ಎಂದ. ಬಾಯಿ ಮಾತಿಗೆ ಬಿಡಲಿಲ್ಲ. ಜೈನರ ಮನೆಗೊಂದು ಹಣ ಎತ್ತಿ, ಬೆಳಗೊಳದ ದೇವರಿಗೆ 20 ಜನ ಕಾವಲಿನವರನ್ನು ಇಡುವ ಹೊಣೆಯನ್ನು ಹೊರಿಸಿದ್ದು ಯಾರ ಮೇಲೆ ಗೊತ್ತೇ? ತಿರುಮಲೆಯ ತಾತಯ್ಯನ ಮೇಲೆ, ಅಂದರೆ ವೈಷ್ಣವರ ಮೇಲೆಯೇ! ಉಳಿದ ಹಣ ಜಿನಾಲಯಗಳ ಸುಣ್ಣ-ದುರಸ್ತಿಗೆ.

ಒಗ್ಗಟ್ಟು ಎಂದರೆ ಭಾಷಣವಲ್ಲ, ಪಕ್ಕದವನ ಬಾಗಿಲಿಗೂ ಕಾವಲು ನಿಲ್ಲುವುದು ಎಂದು ಆ ರಾಯನಿಗೆ ಆರೂವರೆ ಶತಮಾನದ ಹಿಂದೆಯೇ ಗೊತ್ತಿತ್ತು. ದೊಣ್ಣೆ ಹಿಡಿದು ನಿಂತಿದ್ದ ನನಗೆ ಆ ರಾತ್ರಿ ಗೊತ್ತಾಗಲಿಲ್ಲ.

ರಜೆಗೆ ಊರಿಗೆ ಹೋದಾಗ ಮಕ್ಕಳು ಮೊಮ್ಮಕ್ಕಳನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗುತ್ತೀರಲ್ಲ, ಬೆಟ್ಟ ಹತ್ತಿ ಇಳಿದ ಮೇಲೆ ಕೆಳಗಿನ ಭಂಡಾರ ಬಸದಿಗೂ ಒಮ್ಮೆ ಹೋಗಿ ಬನ್ನಿ. ಆ ಕಲ್ಲು ಅಲ್ಲಿದೆ.