ಸಂಗೀತಮುದ್ರಿಕೆಗಳ ಗುಪ್ತರಕ್ಷಣೆಯೂ ತಜ್ಜನ್ಯ ವ್ಯಾಜ್ಯಗಳೂ

ಮುದ್ರಿತವಾದ ಗಾನವನ್ನು ಕೊಂಡವನಿಗೆ ಅದರ ಮೇಲೆ ಎಷ್ಟು ಅಧಿಕಾರ, ಮಾರಿದವನಿಗೆ ಮಾರಿದ ಮೇಲೆಯೂ ಎಷ್ಟು ಅಧಿಕಾರ ಎಂಬ ಪ್ರಶ್ನೆಯು ಗ್ರಾಮಫೋನಿನ ಕಾಲದಲ್ಲಿ ಜನರನ್ನು ಅಷ್ಟಾಗಿ ಬಾಧಿಸಲಿಲ್ಲ. ಅರಗಿನ ಪ್ಲೇಟನ್ನು ಮನೆಯಲ್ಲಿ ನಕಲುಮಾಡುವುದು ಸಾಮಾನ್ಯರಿಗೆ ಅಸಾಧ್ಯವಾಗಿದ್ದಿತು. ಕ್ಯಾಸೆಟ್ಟು ಈ ಕಟ್ಟನ್ನು ಸಡಿಲಿಸಿತು, ಸಿ.ಡಿ.ಯೂ ಗಣಕಯಂತ್ರವೂ ಒಂದುಗೂಡಿದ ಮೇಲೆ ಅದು ಹರಿದೇ ಹೋಯಿತು.

ಈ ನಷ್ಟವನ್ನು ತಡೆಯುವ ಉದ್ದೇಶದಿಂದ ಸೋನಿ ಬಿ.ಎಂ.ಜಿ. ಸಂಸ್ಥೆಯು ಎಕ್ಸ್.ಸಿ.ಪಿ., ಮೀಡಿಯಾಮ್ಯಾಕ್ಸ್ ಎಂಬ ಎರಡು ಬಗೆಯ ತಂತ್ರಾಂಶಗಳನ್ನು ತನ್ನ ಸಿ.ಡಿ.ಗಳಲ್ಲಿ ಸೇರಿಸಿತು. ಇವುಗಳಲ್ಲಿ ಮೊದಲನೆಯದರ ವೃತ್ತಾಂತವೇ ಹೆಚ್ಚು ವಿಚಾರಾರ್ಹವಾದುದು. ಸಿ.ಡಿ.ಯನ್ನು ಗಣಕಯಂತ್ರದಲ್ಲಿಟ್ಟು ಕೇಳಹೊರಟವನ ಯಂತ್ರದೊಳಕ್ಕೆ ಇದು ಸೇರಿಕೊಂಡು, ಒಂದು ನಿಯತವಾದ ಅಕ್ಷರಗುಚ್ಛದಿಂದ ಆರಂಭವಾಗುವ ಹೆಸರಿನ ಕಡತಗಳನ್ನೆಲ್ಲ ಒಡೆಯನ ಕಣ್ಣಿಗೆ ಕಾಣದಂತೆ ಮರೆಮಾಡುತ್ತಿದ್ದಿತು. 2005ರ ಅಕ್ಟೋಬರ್ 31ರಂದು ಮಾರ್ಕ್ ರುಸ್ಸಿನೋವಿಚ್ ಎಂಬ ತಜ್ಞನು ತನ್ನ ಯಂತ್ರದಲ್ಲಿಯೇ ಇದನ್ನು ಕಂಡುಹಿಡಿದ ಬಗೆಯನ್ನು ಪ್ರಕಟಿಸಿದನು. ಆ ತೆರೆಯ ಮರೆಯು ಸಂಸ್ಥೆಗೆ ಮಾತ್ರವೇ ಮೀಸಲಾಗಿರಲಿಲ್ಲ. ಅದೇ ಅಕ್ಷರಗಳನ್ನು ಹೆಸರಿಗೆ ಹಚ್ಚಿಕೊಂಡ ಯಾವ ಕೇಡಿನ ತಂತ್ರಾಂಶವೂ ಅಲ್ಲಿ ಅವಿತುಕೊಳ್ಳಬಹುದಾಗಿದ್ದಿತು. ನವೆಂಬರ್ ತಿಂಗಳಿನಲ್ಲಿಯೇ ಹಾಗೆ ಆಯಿತು ಕೂಡ. ತೆಗೆದುಹಾಕುವುದಕ್ಕೆಂದು ಸಂಸ್ಥೆಯು ಒದಗಿಸಿದ ಸಾಧನವಾದರೋ ಮತ್ತೊಂದು ಬಾಗಿಲನ್ನು ತೆರೆದಿತೆಂದು ಪ್ರಿನ್ಸ್‌ಟನ್ನಿನ ಹಾಲ್ಡರ್‌ಮನ್, ಫೆಲ್ಟನ್ ಎಂಬ ಇಬ್ಬರು ವಿದ್ವಾಂಸರು ತೋರಿಸಿಕೊಟ್ಟರು. ಗ್ರಂಥಸ್ವಾಮ್ಯದ ಈ ಕಾವಲುಗಾರನ ಒಡಲಿನಲ್ಲಿಯೇ ಅನ್ಯರ ಸ್ವಾಮ್ಯಕ್ಕೆ ಸೇರಿದ ತಂತ್ರಾಂಶದ ಭಾಗಗಳು ದೊರೆತುದು ವಿನೋದಕರವಾದ ಸಂಗತಿ.

ದೊಡ್ಡಬಳ್ಳಾಪುರದ ಮಗ್ಗದ ಸೀರೆಯನ್ನು ಮಾರಿದವನು, ಅದರ ಅಂಚನ್ನು ಯಾರಾದರೂ ನಕಲುಮಾಡಿಯಾರೆಂದು ಕೊಂಡವಳ ಪೆಟ್ಟಿಗೆಯಲ್ಲಿ ಕಾವಲಾಳನ್ನು ಬಚ್ಚಿಡಲಾರನಷ್ಟೆ. ವಾದಿಗಳ ವಾದದ ತಿರುಳೂ ಇದೇ.

2005ರ ನವೆಂಬರ್ 21ರಂದು ಟೆಕ್ಸಸ್ ಸಂಸ್ಥಾನದ ಅಟಾರ್ನಿ ಜನರಲ್‌ರು ದಾವೆ ಹೂಡಿದರು. ಅದೇ ದಿನ ಕ್ಯಾಲಿಫೋರ್ನಿಯದಲ್ಲಿ ಗ್ರಾಹಕರ ಪರವಾಗಿ ಮತ್ತೊಂದು ದಾವೆ ದಾಖಲಾಯಿತು. ನ್ಯೂಯಾರ್ಕಿನ ಸಮೂಹ ವ್ಯಾಜ್ಯವು ರಾಜಿಯಲ್ಲಿ ಮುಗಿದು, 2006ರ ಮೇ ತಿಂಗಳಿನಲ್ಲಿ ನ್ಯಾಯಾಲಯದ ಅಂಗೀಕಾರವನ್ನು ಪಡೆಯಿತು. ಎಕ್ಸ್.ಸಿ.ಪಿ. ಇದ್ದ ಸಿ.ಡಿ.ಗೆ ಬದಲಾಗಿ ನಿರ್ದೋಷವಾದ ಸಿ.ಡಿ.ಯೂ, ಅದರ ಜೊತೆಗೆ ಏಳೂವರೆ ಡಾಲರೂ ಒಂದು ಗೀತಸಂಪುಟವೂ, ಇಲ್ಲವೆ ಮೂರು ಗೀತಸಂಪುಟಗಳೂ ಕೊಂಡವರಿಗೆ ಸಲ್ಲತಕ್ಕವಾದುವು. 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನೊಡನೆ ಆದ ಒಪ್ಪಂದದಂತೆ, ಕೆಟ್ಟ ಯಂತ್ರದ ದುರಸ್ತಿಗೆ 150 ಡಾಲರುಗಳವರೆಗೆ ಕೊಡಬೇಕಾಯಿತು. ಪರಿಹಾರವೇನೋ ದೊರೆಯಿತು, ಆದರೆ ರಾಜಿಯಿಂದ ಮುಗಿದುದರಿಂದ, ಕೊಂಡವನ ಯಂತ್ರದೊಳಕ್ಕೆ ಗುಪ್ತವಾಗಿ ಪ್ರವೇಶಿಸುವ ಹಕ್ಕು ಮಾರಿದವನಿಗುಂಟೇ ಎಂಬ ಮೂಲಪ್ರಶ್ನೆಯು ವಿಚಾರಣೆಗೆ ಬಂದು ತೀರ್ಮಾನವಾಗಲಿಲ್ಲ. ಮುಂದಿನವರಿಗೆ ಆಧಾರವಾಗಬಹುದಾಗಿದ್ದ ತೀರ್ಪೊಂದು ಹೀಗೆ ತಪ್ಪಿಹೋದುದು ಶೋಚನೀಯ.

ನಮ್ಮ ದೇಶದ ಶಾಸನವು ಈ ಎಡೆಯಲ್ಲಿ ಕೊಂಚ ವಿವೇಕವನ್ನು ತೋರಿದೆ. 1957ರ ಗ್ರಂಥಸ್ವಾಮ್ಯದ ಅಧಿನಿಯಮಕ್ಕೆ 2012ರಲ್ಲಿ ಸೇರಿದ 65ಎ ಪ್ರಕರಣವು, ಹಕ್ಕನ್ನು ಅಪಹರಿಸುವ ಉದ್ದೇಶದಿಂದ ರಕ್ಷಣೋಪಾಯವನ್ನು ಮುರಿದವನಿಗೆ ಎರಡು ವರ್ಷಗಳವರೆಗಿನ ಸೆರೆವಾಸವನ್ನೂ ದಂಡವನ್ನೂ ವಿಧಿಸುತ್ತದೆ. ಉದ್ದೇಶವೆಂಬ ಮಾತನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಬೀಗವನ್ನು ಮುರಿದ ಮಾತ್ರಕ್ಕೇ ಅಪರಾಧವಾಗದು. ಅಲ್ಲದೆ, ಬಳಸುವವನನ್ನು ಗುರುತಿಸುವುದಕ್ಕಾಗಲಿ ಅವನ ಮೇಲೆ ಕಣ್ಣಿಡುವುದಕ್ಕಾಗಲಿ ಇಟ್ಟ ಉಪಾಯವನ್ನು ನಿವಾರಿಸಿಕೊಳ್ಳಲು ಅವಶ್ಯವಾದುದನ್ನು ಮಾಡಬಹುದೆಂದು ಅದೇ ಪ್ರಕರಣವು ಸ್ಪಷ್ಟವಾಗಿ ಹೇಳುತ್ತದೆ.