ಸಂಶೋಧನ ಪ್ರಬಂಧಗಳ ಬಾಹ್ಯರೂಪ

ಗ್ರಂಥದಲ್ಲಿ ಅರ್ಥವು ಪ್ರಧಾನವಾದುದು, ಬಾಹ್ಯರೂಪವು ಗೌಣವಾದುದೆಂಬುದು ಸರ್ವಸಮ್ಮತವಾದ ವಿಚಾರವು. ಆದರೂ ಪದವಿಗಾಗಿ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸತಕ್ಕ ಪ್ರಬಂಧದ ಅಂಚು, ಸಾಲುಗಳ ಅಂತರ, ಅಡಿಟಿಪ್ಪಣಿ, ಗ್ರಂಥಸೂಚಿ ಮೊದಲಾದವುಗಳಿಗೆ ಕಟ್ಟುನಿಟ್ಟಾದ ನಿಯಮಗಳಿರುತ್ತವೆ. ಇವು ಬರಿಯ ಆಡಂಬರವೋ, ಸಕಾರಣವಾದ ವಿಧಿಗಳೋ ಎಂಬುದನ್ನು ಅವುಗಳ ಚರಿತ್ರೆಯಿಂದಲೇ ನಿರ್ಣಯಿಸಬೇಕು.

ಅಮೆರಿಕಾ ದೇಶದಲ್ಲಿ ಡಾಕ್ಟರ್ ಆಫ್ ಫಿಲಾಸಫಿ ಎಂಬ ಪದವಿಯು ಮೊದಲು ದತ್ತವಾದುದು 1861ರಲ್ಲಿ, ಯೇಲ್ ವಿದ್ಯಾಪೀಠದಲ್ಲಿ. ಅಂದು ಪದವಿಯನ್ನು ಪಡೆದ ಮೂವರಲ್ಲೊಬ್ಬರಾದ ಜೇಮ್ಸ್ ವ್ಹಿಟನ್ನರ ಪ್ರಬಂಧವು ಲ್ಯಾಟಿನ್ ಭಾಷೆಯಲ್ಲಿ ಕೈಯಿಂದ ಬರೆದ ಆರು ಪುಟಗಳಷ್ಟೇ. ಅಷ್ಟು ಕಿರಿದಾದ ಬರಹಕ್ಕೆ ವಿಷಯಾನುಕ್ರಮಣಿಕೆಯ ಅವಶ್ಯಕತೆಯೇ ಇರಲಿಲ್ಲ. ಮುಂದೆ ಪ್ರಬಂಧಗಳು ನೂರಾರು ಪುಟಗಳಿಗೆ ಬೆಳೆದವು. ಬೆರಳಚ್ಚು ಯಂತ್ರವು ಬಳಕೆಗೆ ಬಂದಿತು. ಪ್ರತಿಗಳನ್ನು ರಟ್ಟುಕಟ್ಟಿಸಿ ಪುಸ್ತಕಭಂಡಾರದಲ್ಲಿಡುವ ಪದ್ಧತಿಯೂ ನೆಲೆಗೊಂಡಿತು. ಆಗ ಏಕರೂಪತೆಯ ಪ್ರಶ್ನೆಯು ತಲೆದೋರಿತು.

ಷಿಕಾಗೋ ವಿಶ್ವವಿದ್ಯಾನಿಲಯದ ಮುದ್ರಣಾಲಯವು 1906ರಲ್ಲಿ ಪ್ರಕಟಿಸಿದ ಶೈಲಿಯ ಕೈಪಿಡಿಯು ಮುದ್ರಣಕಾರ್ಯಕ್ಕಾಗಿ ಹುಟ್ಟಿದುದು. ಬೆರಳಚ್ಚಿನ ಪ್ರಬಂಧಕ್ಕೆ ಅದನ್ನು ಅಳವಡಿಸಿಕೊಟ್ಟವರು ಅಲ್ಲಿಯ ಪ್ರಬಂಧ ಕಾರ್ಯದರ್ಶಿನಿಯಾಗಿದ್ದ ಶ್ರೀಮತಿ ಕೇಟ್ ಟುರೇಬಿಯನ್ನರು. 1930ರಿಂದ 1958ರವರೆಗೆ ಆ ಸ್ಥಾನದಲ್ಲಿದ್ದ ಇವರು 1937ರಲ್ಲಿ ವಿದ್ಯಾರ್ಥಿಗಳಿಗಾಗಿ ರಚಿಸಿದ ಕಿರುಹೊತ್ತಗೆಯು ಮುಂದೆ ಅನೇಕ ವಿಶ್ವವಿದ್ಯಾನಿಲಯಗಳಿಗೆ ಪ್ರಮಾಣಗ್ರಂಥವಾಯಿತು.

ಇಂತಹ ನಿಯಮಗಳನ್ನು ಪರೀಕ್ಷಿಸಿದರೆ ಒಂದೊಂದಕ್ಕೂ ನಿಮಿತ್ತವು ಕಾಣಬರುತ್ತದೆ. ಎಡದ ಅಂಚನ್ನು ಅಗಲವಾಗಿ ಬಿಡುವುದು ಹೊಲಿಗೆಯಲ್ಲಿ ಅಕ್ಷರಗಳು ಅಡಗದಿರಲೆಂದು. ನಮ್ಮ ಲಿಪಿಕಾರರು ಓಲೆಯಲ್ಲಿ ದಾರದ ರಂಧ್ರದ ಸುತ್ತ ಎಡೆ ಬಿಡುತ್ತಿದ್ದುದೂ ಇಂತಹುದೇ ಎಚ್ಚರದಿಂದ. ಗ್ರಂಥನಾಮದ ಕೆಳಗೆ ಗೆರೆಯೆಳೆಯುತ್ತಿದ್ದುದು ಯಂತ್ರದಲ್ಲಿ ಓರೆಯಕ್ಷರಗಳಿಲ್ಲದ ಕಾರಣ. ಅಡಿಟಿಪ್ಪಣಿಯಾದರೋ ಪೂರ್ವಿಕರ ಋಣವನ್ನು ಅಂಗೀಕರಿಸುವುದಕ್ಕೂ, ಓದುಗನು ಆಧಾರವನ್ನು ತಾನೇ ಪರೀಕ್ಷಿಸುವುದಕ್ಕೂ ಸಾಧನವು.

ವರ್ಷಗಟ್ಟಲೆ ಶ್ರಮಿಸಿದ ವಿದ್ಯಾರ್ಥಿಯ ಪ್ರಬಂಧವನ್ನು ಅಂಚಿನ ಅಳತೆಗಾಗಿ ಹಿಂದಿರುಗಿಸುವುದು ನ್ಯಾಯವೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ನಿಮಿತ್ತವು ಹೋದರೆ ನೈಮಿತ್ತಿಕವೂ ಹೋಗುವುದೆಂಬುದು ಶಾಸ್ತ್ರನ್ಯಾಯ. ಗಣಕಯಂತ್ರದಲ್ಲಿ ಓರೆಯಕ್ಷರವು ಸುಲಭವಾದ ಮೇಲೆ ಕೆಳಗೆರೆಗೆ ಕಾರಣವುಳಿದಿಲ್ಲ. ಭಾರತದಲ್ಲಿಯೂ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ವಿನಿಯಮವು ಪ್ರಬಂಧದ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಧಿಸಿತು. ಅಂತಹ ಪ್ರತಿಗಳು 'ಶೋಧಗಂಗಾ' ಭಂಡಾರದಲ್ಲಿ ಸಂಗ್ರಹವಾಗುತ್ತಿವೆ. ಆ ಪ್ರತಿಗೆ ಹೊಲಿಗೆಯೂ ಇಲ್ಲ, ಹೊಲಿಗೆಯ ಅಂಚೂ ಬೇಕಿಲ್ಲ.

ಆದರೆ ಆಧಾರವನ್ನು ತೋರಿಸಬೇಕೆಂಬ ನಿಯಮದ ನಿಮಿತ್ತವು ಕಾಗದದಲ್ಲಿಲ್ಲ, ಯಂತ್ರದಲ್ಲಿಯೂ ಇಲ್ಲ. ಅದು ವಿದ್ವಾಂಸನ ಪ್ರಾಮಾಣಿಕತೆಯಲ್ಲಿದೆ. ಆದುದರಿಂದ ಅಳತೆಯ ವಿಧಿಗಳು ಕಾಲಕ್ಕೆ ತಕ್ಕಂತೆ ಸಡಿಲವಾದರೂ ಹಾನಿಯಿಲ್ಲ. ಋಣವನ್ನು ಹೇಳುವ ವಿಧಿಯು ಮಾತ್ರ ಎಂದಿಗೂ ಸಡಿಲವಾಗತಕ್ಕುದಲ್ಲ.